ಕಡಾಣಿ ನೋಡುತ್ತಿದ್ದ ಕಣ್ಣು ಬುಷ್ ಅನ್ನೂ ನೋಡಲಿ



ಈ ಅಂಕಣದಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ರೋಗ, ಕೀಟಗಳ ಮಾತು ಬರುತ್ತದೆ. ಈ ವಾರ ಬೆಳೆಯ ಮಾತಲ್ಲ, ಬೆಳೆಯನ್ನು ಹೊತ್ತೊಯ್ಯುವ ಗಾಡಿಯ ಮಾತು. ಅದರಲ್ಲೂ ಗಾಡಿಯ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಕುಳಿತಿರುವ, ಅಂಗೈಯಲ್ಲಿ ಹಿಡಿಯುವಷ್ಟೇ ಇರುವ ರಬ್ಬರಿನ ಒಂದು ತುಂಡಿನ ಮಾತು. ಇದಕ್ಕೆ ಇಡೀ ಒಂದು ವಾರದ ಸಂಪಾದಕೀಯವೇ ಎಂದು ಕೇಳಬೇಡಿ. ಕಾರಣ ಹೇಳುತ್ತೇನೆ.

2023ರ ಜುಲೈ ತಿಂಗಳು ನಿಮಗೆ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ ದಿನಗಳವು. ಆ ವಾರ ನಮ್ಮ ವಲಯದ ಒಬ್ಬ ರೈತರ ಪಿಕಪ್ಪಿನಲ್ಲಿ ನಾನೂ ಪಟ್ಟಣಕ್ಕೆ ಹೊರಟೆ. ಹಿಂದೆ ಟೊಮೆಟೊ ಬಾಕ್ಸುಗಳು, ಅವುಗಳ ಮೇಲೆ ಬಾಕ್ಸ್ ಇಳಿಸಲೆಂದು ಬಂದ ಹುಡುಗ. ಊರು ಬಿಟ್ಟಾಗಿನಿಂದಲೇ ಪ್ರತಿ ಉಬ್ಬಿನಲ್ಲೂ ಮುಂದಿನ ಎಡಭಾಗದಿಂದ 'ಟಕ್' ಎಂಬ ಸದ್ದು. ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಎಡಕ್ಕೆ ಸೆಳೆಯುತ್ತಿತ್ತು. ಏನಿದು ಎಂದು ಕೇಳಿದೆ. 'ಅದು ಹಾಗೇ ಸಾರ್, ಮೂರು ತಿಂಗಳಿಂದ ಇದೆ. ಬ್ರೇಕ್ ಹಿಡಿಯುವಾಗ ಸ್ವಲ್ಪ ಬಲಕ್ಕೆ ತಿರುಗಿಸಿಕೊಳ್ಳುತ್ತೇನೆ. ರೂಢಿಯಾಗಿದೆ' ಎಂದರು. ನಾನೂ ಸುಮ್ಮನಾದೆ.

ಅರ್ಧ ದಾರಿಯಲ್ಲಿ ಒಂದು ತಿರುವಿನಲ್ಲಿ ಹಸುವೊಂದು ಅಡ್ಡ ಬಂತು. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದರು. ಬಲಕ್ಕೆ ತಿರುಗಿಸುವ ರೂಢಿ ಆ ಕ್ಷಣಕ್ಕೆ ಕೈಗೆ ಬರಲಿಲ್ಲ. ಗಾಡಿ ಎಡಕ್ಕೆ ಎಳೆದು, ರಸ್ತೆ ಇಳಿದು, ಬದುವಿಗೆ ಗುದ್ದಿ ವಾಲಿ ನಿಂತಿತು. ಹಸು ಉಳಿಯಿತು. ಬಾಕ್ಸುಗಳ ಮೇಲೆ ಕುಳಿತಿದ್ದ ಹುಡುಗ ಕೆಳಗೆ ಬಿದ್ದು, ಅವನ ಕಾಲಿನ ಮೇಲೆ ಬಾಕ್ಸುಗಳು ಬಿದ್ದವು. ಮೂಳೆ ಮುರಿದಿತ್ತು. ನಾಲ್ಕು ತಿಂಗಳು ಅವನು ಕೂಲಿಗೆ ಹೋಗಲಿಲ್ಲ. ಈಗಲೂ ಕುಂಟುತ್ತಾನೆ.

ಆಮೇಲೆ ಗಾಡಿಯನ್ನು ಎತ್ತಿ ನೋಡಿದಾಗ ಮುಂದಿನ ಎಡ ಕಮಾನು ಪಟ್ಟಿಯ ಕಣ್ಣಿನೊಳಗೆ ಬುಷ್ ಎಂಬುದೇ ಇರಲಿಲ್ಲ. ರಬ್ಬರು ಪುಡಿಯಾಗಿ ಎಂದೋ ಉದುರಿಹೋಗಿತ್ತು. ಕಬ್ಬಿಣದ ಪಿನ್ನು ಕಬ್ಬಿಣದ ಕಣ್ಣನ್ನೇ ಮೂರು ತಿಂಗಳು ಕೊರೆದಿತ್ತು. ಆ ಮೂರು ತಿಂಗಳಲ್ಲಿ ಅವರು ಸುಮ್ಮನಿರಲಿಲ್ಲ. ಎಡಕ್ಕೆ ಎಳೆಯುತ್ತದೆ ಎಂದು ಎರಡು ಸಲ ಚಕ್ರದ ಅಲೈನ್‌ಮೆಂಟ್ ಮಾಡಿಸಿದ್ದರು, ಒಂದು ಹೊಸ ಟೈರನ್ನೂ ಹಾಕಿಸಿದ್ದರು. ಅಡಿಗೆ ಬಗ್ಗಿ ನೋಡಿದವರು ಯಾರೂ ಇಲ್ಲ. ಟೈರಿನ ಬೆಲೆಯ ಮುಂದೆ ಬುಷ್ಷಿನ ಬೆಲೆ ಲೆಕ್ಕಕ್ಕೇ ಬಾರದು. ಆ ದಿನ 'ಟಕ್' ಸದ್ದು ಕೇಳಿಯೂ ಸುಮ್ಮನೆ ಕುಳಿತವನು ನಾನು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಅಜ್ಜಂದಿರ ಪಾಠ

ನಮ್ಮ ಹಿರಿಯರು ಎತ್ತಿನ ಗಾಡಿ ಕಟ್ಟುವ ಮುನ್ನ ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಎರಡೂ ಕಡೆಯ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದರು. ಗಾಡಿ ಕೀರಿದರೆ ಊರವರು ಆಡಿಕೊಳ್ಳುತ್ತಿದ್ದರು. ಬೆರಳು ಗಾತ್ರದ ಕಡಾಣಿ ಬಿದ್ದರೆ ಚಕ್ರವೇ ಕಳಚುತ್ತದೆ ಎಂಬುದು ಹುಡುಗರಿಗೂ ಗೊತ್ತಿತ್ತು.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ಸಾಗಣೆಯ ರೀತಿಯೇ ಬದಲಾಯಿತು. ಇಂದು ಸಣ್ಣ ಹಿಡುವಳಿಯ ಊರಿನಲ್ಲೂ ನಾಲ್ಕಾರು ಪಿಕಪ್ಪುಗಳಿವೆ. ಗಾಡಿ ಬದಲಾಯಿತು, ಸಂತೋಷ. ಆದರೆ ಹೊರಡುವ ಮುನ್ನ ಮುಟ್ಟಿ ನೋಡುವ ಕೈ ಮಾಯವಾಯಿತು. ಕಡಾಣಿಯ ಜಾಗದಲ್ಲಿ ಈಗ ಬುಷ್ ಇದೆ, ನಟ್ಟು ಬೋಲ್ಟು ಇವೆ. ಅವನ್ನು ಮೆಕ್ಯಾನಿಕ್ ನೋಡಲಿ ಎಂದು ಬಿಟ್ಟಿದ್ದೇವೆ. ಮೆಕ್ಯಾನಿಕ್ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಗಾಡಿ ಇರುವುದು ನಮ್ಮ ಮನೆ ಮುಂದೆ.

ಬುಷ್ ಮಾಡುವ ಕೆಲಸ

ನಮ್ಮ ಕಡೆಯ ಬಹಳಷ್ಟು ಸರಕು ಗಾಡಿಗಳಲ್ಲಿ ಮುಂದಿನ ಅಚ್ಚನ್ನು ಹೊತ್ತಿರುವುದು ಕಮಾನು ಪಟ್ಟಿ. ಹಿಂದಿನ ಜಟಕಾ ಗಾಡಿಯಲ್ಲಿ ಇದ್ದುದೂ ಇದೇ ಜಾತಿಯ ಕಮಾನು. ಪಟ್ಟಿಯ ಎರಡು ತುದಿಗಳನ್ನೂ ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಒಂದು ತುದಿಯ ಕಣ್ಣನ್ನು ಬೋಲ್ಟಿನಿಂದ ನೇರ ಚಾಸಿಗೆ ಬಿಗಿದಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ಜೋಡಿ ಪಟ್ಟಿಗಳ ಮೂಲಕ ಉಯ್ಯಾಲೆಯಂತೆ ತೂಗುತ್ತದೆ. ಭಾರ ಬಿದ್ದಾಗ ಬಾಗಿದ ಕಮಾನು ನೇರವಾಗಿ ಉದ್ದವಾಗುತ್ತದೆಯಲ್ಲವೇ? ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್ಲಿನ ಕೆಲಸ.

ಕಣ್ಣಿಗೂ ಬೋಲ್ಟಿಗೂ ನಡುವೆ ಇರುವುದು ರಬ್ಬರ್ ಬುಷ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ತಡೆದು, ಏಟನ್ನು ನುಂಗಿ, ಅಚ್ಚನ್ನು ತನ್ನ ಜಾಗದಲ್ಲಿ ಹಿಡಿದಿಡುವುದು ಇದೇ. ಒಂದು ಕಮಾನಿಗೆ ಚಾಸಿಯ ಕಡೆಯ ಕಣ್ಣಿನಲ್ಲಿ ಒಂದು, ಶ್ಯಾಕಲ್ಲಿನ ಕೆಳಗೊಂದು ಮೇಲೊಂದು, ಹೀಗೆ ಮೂರು ಬುಷ್. ಎರಡು ಬದಿಗೂ ಸೇರಿ ಮುಂಭಾಗಕ್ಕೆ ಆರು. ಎರಡು ಹೋಳಾಗಿ ಬರುವ ಜಾತಿಯಾದರೆ ಹನ್ನೆರಡು ಹೋಳು.

ಬುಷ್ ಸವೆದರೆ ಗಾಡಿ ಏಕೆ ಒಂದು ಕಡೆಗೆ ಎಳೆಯುತ್ತದೆ? ಬ್ರೇಕ್ ಒತ್ತಿದಾಗ ಚಕ್ರ ನಿಧಾನವಾಗುತ್ತದೆ, ಗಾಡಿಯ ಮೈ ಮುಂದಕ್ಕೆ ನುಗ್ಗುತ್ತದೆ. ಅಂದರೆ ಅಚ್ಚು ಮೈಗಿಂತ ಹಿಂದಕ್ಕೆ ಸರಿಯಲು ನೋಡುತ್ತದೆ. ಎಡಗಡೆ ಬುಷ್ ಸಡಿಲವಿದ್ದರೆ ಅಚ್ಚಿನ ಎಡ ತುದಿ ಕೆಲವು ಮಿಲಿಮೀಟರ್ ಹಿಂದೆ ಹೋಗುತ್ತದೆ, ಬಲ ತುದಿ ನಿಂತಲ್ಲೇ ಇರುತ್ತದೆ. ಅಚ್ಚು ಓರೆಯಾದರೆ ಎರಡು ಚಕ್ರಗಳೂ ಎಡಕ್ಕೆ ಮುಖ ಮಾಡಿದಂತೆಯೇ ಆಯಿತು. ನೊಗದ ಒಂದು ಕಡೆಯ ಎತ್ತು ಹಿಂದೆ ಬಿದ್ದರೆ ಗಾಡಿ ಆ ಕಡೆಗೆ ತಿರುಗುವುದಿಲ್ಲವೇ, ಹಾಗೆ.

ರೋಗ ಪತ್ತೆ

ಬೆಳೆಯಲ್ಲಿ ರೋಗ ಗುರುತಿಸದೆ ಔಷಧಿ ಹೊಡೆಯಬೇಡಿ ಎಂದು ನಾವು ಹೇಳುತ್ತೇವೆ. ಗಾಡಿಗೂ ಅದೇ ನಿಯಮ. ಈ ಲಕ್ಷಣಗಳನ್ನು ಗಮನಿಸಿ: ಉಬ್ಬು ಹತ್ತುವಾಗ ಇಳಿಯುವಾಗ ಮುಂದೆ ಟಕ್ ಎಂಬ ಸದ್ದು, ಬ್ರೇಕ್ ಒತ್ತಿದಾಗ ಒಂದು ಕಡೆಗೆ ಸೆಳೆತ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆದಾಡುವುದು, ಮುಂದಿನ ಟೈರು ಒಂದು ಅಂಚಿನಲ್ಲಿ ಮಾತ್ರ ಸವೆಯುವುದು.

ಆಮೇಲೆ ಬಗ್ಗಿ ನೋಡಿ. ಬೋಲ್ಟು ಕಣ್ಣಿನ ನಟ್ಟನಡುವೆ ಇದೆಯೇ, ಒಂದು ಕಡೆಗೆ ವಾಲಿದೆಯೇ? ರಬ್ಬರು ಬಿರುಕು ಬಿಟ್ಟು ಹೊರಗೆ ಇಣುಕುತ್ತಿದೆಯೇ? ಸುತ್ತಲೂ ತುಕ್ಕಿನ ಬಣ್ಣದ ಪುಡಿ ಇದೆಯೇ? ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹೊಳೆಯುತ್ತಿದೆಯೇ? ಸಣ್ಣ ಹಾರೆಯನ್ನು ಕಣ್ಣಿಗೂ ಚಾಸಿಯ ಕೊಂಡಿಗೂ ನಡುವೆ ಇಟ್ಟು ಮೆಲ್ಲಗೆ ಮೀಟಿ. ಒಳ್ಳೆಯ ಬುಷ್ ಸ್ವಲ್ಪ ಮಣಿದು ಹಿಂದಕ್ಕೆ ಬರುತ್ತದೆ. ಸತ್ತ ಬುಷ್ ಲಟಕ್ಕೆಂದು ಸರಿಯುತ್ತದೆ. ಇನ್ನೊಂದು ವಿಧಾನ: ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕೈಬ್ರೇಕ್ ಎಳೆದು, ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಆಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಮಾನಿನ ತುದಿಗಳನ್ನು ನೋಡಲಿ. ಅಡಿಗೆ ಮಾತ್ರ ಹೋಗಬಾರದು.

ಎಲ್ಲ ಸದ್ದೂ ಬುಷ್ಷಿನದಲ್ಲ ಎಂಬುದೂ ತಿಳಿದಿರಲಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿ. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್ನಿನಲ್ಲಿ. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಸ್ಟಿಯರಿಂಗಿನ ಟೈ ರಾಡ್ ಕೊನೆಗಳನ್ನು ನೋಡಬೇಕು. ಈ ಮೂರೂ ಕೆಲಸ ಮನೆಯಲ್ಲಿ ಮಾಡುವಂಥವಲ್ಲ.

ಯಾವ ಗಾಡಿಗೆ ಮನೆಯಲ್ಲಿ ಕೈ ಹಾಕಬಹುದು

ಮುಂದೆ ಕಮಾನು ಪಟ್ಟಿ ಇರುವ ಗಾಡಿಗೆ ಮಾತ್ರ. ಕೆಲವು ಪಿಕಪ್ಪುಗಳಲ್ಲಿ ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ತೋಳುಗಳಿದ್ದು, ಸುರುಳಿ ಸ್ಪ್ರಿಂಗ್ ಅಥವಾ ತಿರುಚುವ ಸರಳು ಇರುತ್ತದೆ. ಅಂಥ ಗಾಡಿಯಾದರೆ ವರ್ಕ್‌ಶಾಪಿಗೆ ಒಯ್ಯಿರಿ. ಅದುಮಿ ಕೂರಿಸಿದ ಸುರುಳಿ ಸ್ಪ್ರಿಂಗ್ ಕೈತಪ್ಪಿ ಸಿಡಿದರೆ ಮನುಷ್ಯ ಉಳಿಯುವುದು ಕಷ್ಟ. ಬುಷ್ ಕೂರಿಸಲು ಅಲ್ಲಿ ಪ್ರೆಸ್ ಬೇಕು, ಆಮೇಲೆ ಅಲೈನ್‌ಮೆಂಟೂ ಬೇಕು. ಹಣ ಉಳಿಸುವ ಜಾಗ ಅದಲ್ಲ.

ಸಾಮಾನು ತರುವಾಗ ಚಾಸಿ ನಂಬರ್ ಹೇಳಿ ತನ್ನಿ. ಒಂದು ಬದಿಗೆ ಮಾತ್ರವಲ್ಲ, ಎರಡು ಬದಿಗೂ ತನ್ನಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಾದರೆ ಎಳೆತ ಬದಿ ಬದಲಿಸಬಹುದೇ ಹೊರತು ಹೋಗುವುದಿಲ್ಲ. ಒಳಗೆ ಉಕ್ಕಿನ ನಳಿಕೆ ಇರುವ ಬುಷ್ಷಾದರೆ ನಳಿಕೆಯ ಉದ್ದವನ್ನು ಹಳೆಯದರೊಂದಿಗೆ ಅಳೆದು ನೋಡಿ. ಗಿಡ್ಡ ನಳಿಕೆಯಾದರೆ ಬೋಲ್ಟು ಎಷ್ಟು ಬಿಗಿದರೂ ಹಿಡಿತ ಸಿಗದು. ಅಂಗಡಿಯಲ್ಲಿ ಪಾಲಿಯುರೇಥೇನ್ ಬುಷ್ ಎಂದೂ ಸಿಗುತ್ತದೆ. ಅದು ಗಟ್ಟಿ, ಬಾಳಿಕೆಯೂ ಹೆಚ್ಚು, ಆದರೆ ರಸ್ತೆಯ ಏಟನ್ನು ಮೈಗೆ ಹೆಚ್ಚು ಮುಟ್ಟಿಸುತ್ತದೆ, ಸಿಲಿಕೋನ್ ಗ್ರೀಸ್ ಇಲ್ಲದಿದ್ದರೆ ಕೀರುತ್ತದೆ. ಟೊಮೆಟೊ, ಮೊಟ್ಟೆ, ಹೂವು ಸಾಗಿಸುವವರಿಗೆ ಕಂಪನಿ ಕೊಟ್ಟ ರಬ್ಬರೇ ಸಾಕು.

ಮೊದಲು ಜೀವ, ಆಮೇಲೆ ಬುಷ್

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಜಾಕ್ ಎಂಬುದು ಎತ್ತುವ ಸಾಧನ, ಹೊರುವ ಸಾಧನವಲ್ಲ. ಅದರ ಸೀಲು ಯಾವಾಗ ಸೋರುತ್ತದೆ, ತಲೆ ಯಾವಾಗ ಜಾರುತ್ತದೆ ಎಂದು ಯಾರೂ ಹೇಳಲಾರರು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಕೈಯನ್ನೂ ಹಾಕಬಾರದು.

ಗಾಡಿಯನ್ನು ಖಾಲಿ ಮಾಡಿ ಸಿಮೆಂಟು ಹಾಕಿದ ಮಟ್ಟಸ ಕಣದಲ್ಲಿ ನಿಲ್ಲಿಸಿ. ಹೊಲದ ಮಣ್ಣಿನ ಮೇಲೆ, ಇಳಿಜಾರಿನಲ್ಲಿ ಬೇಡ. ಗೇರಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಡಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿ. ಆಮೇಲೆ ಜಾಕಿನಿಂದ ಎತ್ತಿ, ಮುಂದಿನ ಕಮಾನಿನ ಹಿಂಬದಿಯಲ್ಲಿ ಚಾಸಿಯ ಎರಡೂ ಉದ್ದನೆ ತೊಲೆಗಳ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಗಾಡಿಯನ್ನು ಅವುಗಳ ಮೇಲೆ ಇಳಿಸಿ. ಗಾಡಿಯ ಖಾಲಿ ತೂಕ ನೋಂದಣಿ ಪತ್ರದಲ್ಲಿ ಇರುತ್ತದೆ. ಸ್ಟ್ಯಾಂಡಿನ ಮೇಲೆ ಬರೆದಿರುವ ಶಕ್ತಿ ಅದಕ್ಕಿಂತ ಚೆನ್ನಾಗಿ ಹೆಚ್ಚಿರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜುಗಲ್ಲು ಖಂಡಿತ ಬೇಡ. ಸಿಮೆಂಟ್ ಬ್ಲಾಕು ಬಿರುಕು ಬಿಡುವುದಕ್ಕೆ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಸ್ಟ್ಯಾಂಡಿನ ಮೇಲೆ ಕುಳಿತ ಗಾಡಿಯನ್ನು ಪಕ್ಕದಲ್ಲಿ ನಿಂತು ಜೋರಾಗಿ ಅಲುಗಿಸಿ ನೋಡಿ. ಬೀಳುವುದಾದರೆ ಈಗಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಚಾಸಿಯ ಅಡಿಯಲ್ಲಿ ಮಲಗಿಸಿ ಇಡಿ. ಎಲ್ಲವೂ ಕೈಕೊಟ್ಟರೆ ಅವೇ ನಿಮ್ಮನ್ನು ಉಳಿಸುವುದು. ಒಂಟಿಯಾಗಿ ಈ ಕೆಲಸ ಮಾಡಬೇಡಿ. ಮಕ್ಕಳನ್ನು ಹತ್ತಿರ ಸೇರಿಸಬೇಡಿ.

ಬದಲಾಯಿಸುವ ಕ್ರಮ

1. ಹಿಂದಿನ ರಾತ್ರಿಯೇ ಬೋಲ್ಟುಗಳ ಮಣ್ಣು ಕೆರೆದು ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹಳೆಯ ರಬ್ಬರು ಹೇಗೂ ಹೋಗುವುದರಿಂದ ಅದಕ್ಕೆ ತಾಗಿದರೂ ಚಿಂತೆಯಿಲ್ಲ.

2. ಎರಡನೆಯ ಜಾಕನ್ನು ಕೆಲಸ ಮಾಡುವ ಬದಿಯ ಅಚ್ಚಿನ ಅಡಿಗೆ ಇಟ್ಟು, ಕಮಾನು ಜೋತೂ ಬೀಳದೆ, ಅದುಮಿಯೂ ಇರದೆ ಸಡಿಲವಾಗಿ ನಿಲ್ಲುವಷ್ಟು ಎತ್ತಿ. ಚಾಸಿ ಸ್ಟ್ಯಾಂಡಿನಿಂದ ಮೇಲೇಳುವಷ್ಟು ಎತ್ತಬಾರದು. ಬ್ರೇಕಿನ ರಬ್ಬರ್ ಕೊಳವೆ ಎಳೆದುಕೊಳ್ಳದಂತೆ ನೋಡಿಕೊಳ್ಳಿ.

3. ಒಂದು ಸಲಕ್ಕೆ ಒಂದು ಬದಿ, ಒಂದೇ ತುದಿ. ಇನ್ನೊಂದು ತುದಿ ಬಿಗಿಯಾಗಿಯೇ ಇರಲಿ. ಅಚ್ಚನ್ನು ಕಮಾನಿಗೆ ಬಿಗಿದಿರುವ ಯು ಬೋಲ್ಟುಗಳನ್ನು ಮುಟ್ಟಬೇಡಿ.

4. ನಟ್ಟು ಬಿಚ್ಚಿ ಬೋಲ್ಟನ್ನು ಹೊರಗೆ ತಟ್ಟಿ. ಸಲೀಸಾಗಿ ಬಾರದಿದ್ದರೆ ಭಾರ ಇನ್ನೂ ಅದರ ಮೇಲಿದೆ ಎಂದರ್ಥ. ಸುತ್ತಿಗೆಯ ಬಲ ಹೆಚ್ಚಿಸುವ ಬದಲು ಜಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡಿ.

5. ಬೋಲ್ಟಿನ ಮೇಲೆ ಬೆರಳಾಡಿಸಿ. ಮೆಟ್ಟಿಲಿನಂತೆ ಸವೆತ ಸಿಕ್ಕರೆ ಬೋಲ್ಟೂ ಹೊಸದಾಗಬೇಕು. ಕಣ್ಣು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಕಮಾನು ಅಂಗಡಿಯಲ್ಲಿ ಮೇಲಿನ ಮುಖ್ಯ ಪಟ್ಟಿಯನ್ನೇ ಬದಲಾಯಿಸಬೇಕು. ಮುಖ್ಯ ಪಟ್ಟಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಹದ ಕೊಟ್ಟ ಉಕ್ಕು ಬೆಂಕಿ ತಾಗಿದಲ್ಲಿ ಹದಗೆಟ್ಟು ಒಂದು ದಿನ ಗಾಜಿನಂತೆ ಮುರಿಯುತ್ತದೆ. ಹಳೆಯ ರಬ್ಬರನ್ನು ಗ್ಯಾಸ್ ಬೆಂಕಿಯಿಂದ ಸುಡುವ ಪದ್ಧತಿಯೂ ಇದೇ ಕಾರಣಕ್ಕೆ ಕೆಟ್ಟದ್ದು. ಮೇಲಾಗಿ ಪಕ್ಕದಲ್ಲೇ ಬ್ರೇಕಿನ ಕೊಳವೆ ಇರುತ್ತದೆ.

6. ಎರಡು ಹೋಳಿನ ಬುಷ್ ಮೀಟಿದರೆ ಬರುತ್ತದೆ. ಉಕ್ಕಿನ ಹೊರಚಿಪ್ಪು ಇರುವ ಬುಷ್ಷಿಗೆ ಉದ್ದ ಬೋಲ್ಟು, ಒಂದು ಕಡೆ ಬುಷ್ಷಿಗಿಂತ ಕಿರಿದಾದ ಬಿಲ್ಲೆ, ಇನ್ನೊಂದು ಕಡೆ ಬುಷ್ ಒಳಗೆ ಇಳಿಯುವಷ್ಟು ಅಗಲದ ಪೈಪ್ ತುಂಡು ಬೇಕು. ನಟ್ಟು ಬಿಗಿಯುತ್ತ ಹೋದಂತೆ ಬುಷ್ ಪೈಪಿನೊಳಕ್ಕೆ ಬರುತ್ತದೆ. ಊರಿನ ಕುಲುಮೆಯಲ್ಲೇ ಇದನ್ನು ಮಾಡಿಸಬಹುದು. ಅದಕ್ಕೂ ಬಾರದಿದ್ದರೆ ಗರಗಸದ ಬ್ಲೇಡಿನಿಂದ ಚಿಪ್ಪನ್ನು ಮಾತ್ರ ಸೀಳಿ, ಕಣ್ಣಿಗೆ ಗಾಯವಾಗಬಾರದು.

7. ಕಣ್ಣಿನೊಳಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಒರೆಸಿ. ಹೊಸ ರಬ್ಬರು ಜಾರಲು ಸೋಪಿನ ನೀರು ಸಾಕು. ಗ್ರೀಸ್, ಡೀಸೆಲ್, ಇಂಜಿನ್ ಎಣ್ಣೆ ತಾಗಿಸಬಾರದು, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ನೇರವಾಗಿ, ಓರೆಯಾಗದಂತೆ ಒತ್ತಿ ಕೂರಿಸಿ.

8. ಬೋಲ್ಟು ತೂರಿಸಿ, ಹೊಸ ಲಾಕ್ ನಟ್ಟನ್ನು ಕೈಬಿಗಿಗಿಂತ ತುಸು ಹೆಚ್ಚು ಬಿಗಿದು ಅಷ್ಟಕ್ಕೇ ಬಿಡಿ. ಹೀಗೆ ಒಂದೊಂದಾಗಿ ಆರನ್ನೂ ಮುಗಿಸಿ.

9. ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ. ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಕುಣಿಸಿ. ಗಾಡಿ ತನ್ನ ಭಾರದಲ್ಲಿ ತಾನು ಕುಳಿತ ಮೇಲೆ ಬೋಲ್ಟುಗಳನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ, ಟಾರ್ಕ್ ಪಾನಾದಿಂದಲೇ ಬಿಗಿಯಿರಿ.

ಈ ಒಂಬತ್ತನೆಯ ಹೆಜ್ಜೆಯನ್ನು ಪಟ್ಟಣದ ಎಷ್ಟೋ ಗ್ಯಾರೇಜುಗಳಲ್ಲೂ ಬಿಡುತ್ತಾರೆ. ರಬ್ಬರ್ ಬುಷ್ ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳನಳಿಕೆ ಬೋಲ್ಟಿನ ಬಿಗಿತಕ್ಕೆ ಸಿಕ್ಕಿ ನಿಂತಲ್ಲೇ ನಿಲ್ಲುತ್ತದೆ, ಹೊರಭಾಗ ಕಮಾನಿನೊಂದಿಗೆ ತಿರುಗುತ್ತದೆ. ಕಮಾನು ಜೋತುಬಿದ್ದಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ಇಳಿದ ಕ್ಷಣದಿಂದ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ವರ್ಷಗಳು ಬರಬೇಕಾದ ಬುಷ್ ತಿಂಗಳುಗಳಲ್ಲಿ ಹರಿಯುತ್ತದೆ. ಆಮೇಲೆ 'ಸಾಮಾನು ಡೂಪ್ಲಿಕೇಟ್' ಎಂದು ಅಂಗಡಿಯವನನ್ನು ಬೈಯುತ್ತೇವೆ.

ಕೊನೆಗೆ ಚಕ್ರದ ನಟ್ಟುಗಳನ್ನು ಎದುರು ಬದುರಾಗಿ ಬಿಗಿದು, ಖಾಲಿ ರಸ್ತೆಯಲ್ಲಿ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬಿಗಿತವನ್ನೂ ಮತ್ತೆ ನೋಡಿ. ಅನಂತರ ಒಮ್ಮೆ ಅಲೈನ್‌ಮೆಂಟ್ ಪರೀಕ್ಷೆ ಮಾಡಿಸಿ. ಈಗ ಮಾಡಿಸಿದ ಅಲೈನ್‌ಮೆಂಟಿಗೆ ಅರ್ಥವಿರುತ್ತದೆ.

ಬುಷ್ ಏಕೆ ಬೇಗ ಸಾಯುತ್ತದೆ

ರಬ್ಬರಿಗೂ ವಯಸ್ಸಾಗುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಎರಡು ತಪ್ಪುಗಳು ನಮ್ಮವೇ.

ಮೊದಲನೆಯದು, ಕಮಾನು ಕೀರುತ್ತದೆ ಎಂದು ಹಳೆಯ ಇಂಜಿನ್ ಎಣ್ಣೆಯನ್ನೋ ಡೀಸೆಲ್ಲನ್ನೋ ಬಳಿಯುವುದು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಅಮೃತ, ರಬ್ಬರಿಗೆ ಅದೇ ವಿಷ. ಕೆಲವು ಹಳೆಯ ಗಾಡಿಗಳಲ್ಲಿ ಲೋಹದ ಬುಷ್ ಇದ್ದು ಗ್ರೀಸ್ ತುಂಬುವ ಮೊಲೆ ಇರುತ್ತದೆ, ಅದಕ್ಕೆ ಮಾತ್ರ ಗ್ರೀಸ್ ತಪ್ಪದೆ ತುಂಬಬೇಕು. ರಬ್ಬರಿಗೆ ನೀರಿನ ಸ್ನಾನ ಸಾಕು. ಗೊಬ್ಬರ ಸಾಗಿಸಿದ ದಿನ ಅಡಿಭಾಗವನ್ನೂ ತೊಳೆಯಿರಿ, ಉಳಿದ ರಸಗೊಬ್ಬರ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ.

ಎರಡನೆಯದು ಅತಿಭಾರ. ಮುಕ್ಕಾಲು ಟನ್ನಿನ ಗಾಡಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. 15 ಕಿಲೋ ಟೊಮೆಟೊ ಬಾಕ್ಸ್ 50 ಆದರೆ 750 ಕಿಲೋ ಆಯಿತು. ಖಾಲಿ ಬಾಕ್ಸಿನ ತೂಕ ಸೇರಿಸಿದರೆ ಐವತ್ತೂ ಹೆಚ್ಚು. ನಾವು ಹೇರುವುದು ಎಷ್ಟು? ಸಾವಿರ ಲೀಟರಿನ ನೀರಿನ ತೊಟ್ಟಿಯನ್ನು ಅದೇ ಗಾಡಿಯ ಮೇಲೆ ಇಡುತ್ತೇವೆ. ನೀರು ಲೀಟರಿಗೆ ಒಂದು ಕಿಲೋ ಎಂಬುದು ಶಾಲೆಯ ಪಾಠ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಡಿ ಅತಿಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ದಂಡ ತಪ್ಪಿಸಿಕೊಳ್ಳುವ ದಾರಿ ನಿಮಗೆ ಗೊತ್ತಿರಬಹುದು. ಬುಷ್ಷಿಗೆ ಗೊತ್ತಿಲ್ಲ.

ಇನ್ನು ಸರಕಿನ ಮೇಲೆ ಜನರನ್ನು ಕೂರಿಸುವುದು. ಕಳೆ ಕೀಳುವ ಹೆಣ್ಣುಮಕ್ಕಳು, ಬಾಕ್ಸ್ ಇಳಿಸುವ ಹುಡುಗರು, ಎಲ್ಲರೂ ನಮ್ಮ ಹೊಲದ ಕೆಲಸಕ್ಕೆ ಬಂದವರೇ. ಗಾಡಿ ಎಡಕ್ಕೆ ಎಳೆಯುತ್ತದೆ ಎಂಬುದು ಚಾಲಕನಿಗೆ ಗೊತ್ತಿರುತ್ತದೆ, ಹಿಂದೆ ಕುಳಿತವರಿಗೆ ಗೊತ್ತಿರುವುದಿಲ್ಲ. 'ರೂಢಿಯಾಗಿದೆ' ಎಂಬ ಮಾತಿನ ಬೆಲೆಯನ್ನು ತೆತ್ತವನು ಆ ದಿನ ಸ್ಟಿಯರಿಂಗ್ ಹಿಡಿದವನಲ್ಲ, ಗಾಡಿಯ ಒಡೆಯನೂ ಅಲ್ಲ, ಕೂಲಿಯ ಹುಡುಗ.

ಊರು ಮಾಡಬಹುದಾದದ್ದು

ಒಂದು ಜೊತೆ ಒಳ್ಳೆಯ ಸ್ಟ್ಯಾಂಡು, ಎರಡು ಜಾಕು, ಒಂದು ಟಾರ್ಕ್ ಪಾನಾ, ಬುಷ್ ಎಳೆಯುವ ಒಂದು ಸಾಧನ. ಒಬ್ಬ ರೈತನಿಗೆ ಇದು ಹೊರೆ, ಹತ್ತು ಮಂದಿಗೆ ಅಲ್ಲ. ಹಾಲು ಉತ್ಪಾದಕರ ಸಂಘದ ಕಟ್ಟಡದ ಮೂಲೆಯಲ್ಲೋ, ಸೇವಾ ಸಹಕಾರ ಸಂಘದ ಗೋದಾಮಿನಲ್ಲೋ ಈ ಒಂದು ಪೆಟ್ಟಿಗೆ ಇದ್ದರೆ, ಚೀಟಿ ಬರೆಸಿ ಒಯ್ದು ಹಿಂದಿರುಗಿಸುವ ಕಟ್ಟುಪಾಡು ಇದ್ದರೆ, ಊರಿನ ಯಾವ ಗಾಡಿಯೂ ಇಟ್ಟಿಗೆಯ ಮೇಲೆ ನಿಲ್ಲಬೇಕಾಗಿಲ್ಲ. ಹೋಬಳಿಗಳಲ್ಲಿರುವ ಯಂತ್ರಧಾರೆ ಕೇಂದ್ರಗಳು ಉಳುವ, ಬಿತ್ತುವ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಈ ಪೆಟ್ಟಿಗೆಯನ್ನೂ ಅವು ಇಟ್ಟುಕೊಳ್ಳಲು ಅಡ್ಡಿಯೇನು? ಕೃಷಿ ವಿಜ್ಞಾನ ಕೇಂದ್ರಗಳ ತರಬೇತಿಯಲ್ಲಿ ವರ್ಷಕ್ಕೆ ಒಂದು ದಿನವನ್ನು ಸಾಗಣೆ ಗಾಡಿಯ ಪಾಲನೆಗೆ ಮೀಸಲಿಡಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತ ಬಂದಿದೆ. ಅಂಥ ತರಬೇತಿ ಪಡೆದ ಒಬ್ಬ ಹುಡುಗ ಐದಾರು ಊರಿಗೆ ಒಬ್ಬನಿದ್ದರೂ, ಅವನ ಹೊಟ್ಟೆಯೂ ತುಂಬುತ್ತದೆ, ನಮ್ಮ ಗಾಡಿಯೂ ನೆಟ್ಟಗಾಗುತ್ತದೆ.

ವಿಸ್ತರಣಾ ಕೆಲಸದಲ್ಲಿರುವ ನಾವೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಳೆ ಕೊಯ್ಲಾಗುವವರೆಗೆ ಮಾತ್ರ ನಮ್ಮ ಹೊಣೆ ಎಂದು ತಿಳಿದೆವು. ಹೊಲದಿಂದ ಮಾರುಕಟ್ಟೆಗೆ ಇರುವ ದಾರಿಯೂ ಬೇಸಾಯವೇ. ಆ ದಾರಿಯಲ್ಲಿ ಹೋಗುವುದು ಬೆಳೆ ಮಾತ್ರವಲ್ಲ.

ಕೆಲಸ ಮನೆಯಲ್ಲೇ ಮಾಡಿಯೇ ತೀರಬೇಕು ಎಂದು ನಾನು ಹೇಳುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ, ಜೊತೆಗೆ ಜನ ಇಲ್ಲದಿದ್ದರೆ, ಧೈರ್ಯ ಸಾಲದಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಅದರಲ್ಲಿ ಅವಮಾನವಿಲ್ಲ. ಆದರೆ ಅಲ್ಲಿ ನಿಂತು ನೋಡಿ, ನೆಲಕ್ಕಿಳಿಸಿದ ಮೇಲೆಯೇ ಬೋಲ್ಟು ಬಿಗಿಯಲು ಹೇಳಿ, ಹಳೆಯ ಬುಷ್ಷನ್ನು ಕೈಯಲ್ಲಿ ಹಿಡಿದು ಮನೆಗೆ ತನ್ನಿ. ಬದಲಾಯಿಸುವುದು ಯಾರ ಕೈಯಾದರೂ ಆಗಲಿ, ನೋಡುವ ಕಣ್ಣು ನಿಮ್ಮದಾಗಿರಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ದಿನ ಬರುವವರೆಗೆ ಕಾಯಬೇಡಿ.

ನಾಳೆ ಬೆಳಿಗ್ಗೆ ಸರಕು ಹೇರುವ ಮುನ್ನ ಎರಡು ನಿಮಿಷ ಬಗ್ಗಿ ನೋಡಿ. ನಿಮ್ಮ ಅಜ್ಜ ಕಡಾಣಿ ಮುಟ್ಟಿ ನೋಡುತ್ತಿದ್ದುದೂ ಅಷ್ಟೇ ಹೊತ್ತು.